ದ್ವಾರಕಾ ದಾರಿಯ ಜಮಾಖರ್ಚು

ದೆಹಲಿಯ ರಾಜೀವ್ ಚೌಕದಲ್ಲಿ ನೀಲಿ ಮಾರ್ಗದ ಮೆಟ್ರೊ ಹತ್ತಿ ಪಶ್ಚಿಮಕ್ಕೆ ಹೊರಟರೆ ರಾಮಕೃಷ್ಣ ಆಶ್ರಮ ಮಾರ್ಗದವರೆಗೆ ನೆಲದಡಿಯ ಪ್ರಯಾಣ. ಝಂಡೇವಾಲಾನ್ ಹೊತ್ತಿಗೆ ರೈಲು ಬೆಳಕಿಗೆ ಬಂದು ಕಂಬಗಳ ಮೇಲೆ ಓಡತೊಡಗುತ್ತದೆ. ಕರೋಲ್ ಬಾಗ್, ಪಟೇಲ್ ನಗರ, ಮೋತಿ ನಗರ, ರಾಜೌರಿ ಗಾರ್ಡನ್, ತಿಲಕ್ ನಗರ: ದೇಶವಿಭಜನೆಯ ಕಾಲದಲ್ಲಿ ಗಡಿಯಾಚೆಯಿಂದ ಬಂದವರು ನೆಲೆಯೂರಿ ಬೆಳೆಸಿದ ಬಡಾವಣೆಗಳು ಒಂದರ ಹಿಂದೊಂದು ಬರುತ್ತವೆ. ಜನಕಪುರಿ, ಉತ್ತಮ್ ನಗರ, ನವಾದಾ ದಾಟಿ ದ್ವಾರಕಾ ಮೋಡ್ ಬಂದ ಮೇಲೆ ಹಳಿ ದಕ್ಷಿಣಕ್ಕೆ ಹೊರಳುತ್ತದೆ. ದ್ವಾರಕಾ ನಿಲ್ದಾಣದಿಂದಾಚೆಗೆ ಎಲ್ಲಕ್ಕೂ ಸೆಕ್ಟರಿನ ಅಂಕಿಯೇ ಗುರುತು. 14, 13, 12 ಎಂದು ಇಳಿಯುತ್ತ 8ರವರೆಗೆ ಹೋಗಿ, ಮುಂದಿನದು ಒಮ್ಮೆಲೇ 21. ರಸ್ತೆಗಳು ಅಗಲ, ಸಹಕಾರಿ ಗೃಹ ನಿರ್ಮಾಣ ಸಂಘಗಳ ಬಹುಮಹಡಿ ವಸತಿಗಳು ಸಾಲುಗಟ್ಟಿ ನಿಂತಿವೆ. ರೈಲ್ವೆ ಕಂಪನಿ ನಡೆಸುವ ವಿಡಿಯೊ ಗೇಮ್ ಆಡಿದವರಿಗೆ ಈ ನೋಟ ಕೂಡಲೇ ಗುರುತು ಸಿಗುತ್ತದೆ. ನಕ್ಷೆಯಲ್ಲಿ ದ್ವಾರಕಾ ಥೇಟ್ ಆ ಆಟದ ಊರು: ಚೌಕ ಚೌಕ ನೆಲ, ನಡುವೆ ಎಳೆದ ಹಳಿ, ಹಳಿಯುದ್ದಕ್ಕೂ ಹತ್ತಿರ ಹತ್ತಿರ ನಿಲ್ದಾಣಗಳು. ಈ ಆಟಗಳು ರೈಲಿನ ಬಗ್ಗೆ ಏನನ್ನು ಕಲಿಸುತ್ತವೆ, ಏನನ್ನು ಮರೆಸುತ್ತವೆ ಎಂದು ಪರೀಕ್ಷಿಸಿ ನೋಡಲು ಇದಕ್ಕಿಂತ ತಕ್ಕ ಜಾಗ ನಮ್ಮ ದೇಶದಲ್ಲಿ ಸಿಗುವುದು ಕಷ್ಟ.

ಆಟಗಳ ಪರಿಚಯ ಇಲ್ಲದವರಿಗೆ ಒಂದಿಷ್ಟು ವಿವರ ಬೇಕು. 1985ರಲ್ಲಿ ಜಪಾನಿನ ಆರ್ಟ್‌ಡಿಂಕ್ ಸಂಸ್ಥೆ ‘ಎ-ಟ್ರೇನ್’ ಎಂಬ ಆಟ ತಂದಿತು. 1990ರಲ್ಲಿ ಅಮೆರಿಕದ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ‘ರೈಲ್‌ರೋಡ್ ಟೈಕೂನ್’ ರೂಪಿಸಿದರು. 1994ರಲ್ಲಿ ಸ್ಕಾಟ್ಲೆಂಡಿನ ಕ್ರಿಸ್ ಸಾಯರ್ ಬರೆದ ‘ಟ್ರಾನ್ಸ್‌ಪೋರ್ಟ್ ಟೈಕೂನ್’ ಬಂತು. ಅದನ್ನು ಮಾದರಿಯಾಗಿಟ್ಟುಕೊಂಡು 2004ರಲ್ಲಿ ಶುರುವಾದ ‘ಓಪನ್‌ಟಿಟಿಡಿ’ಯನ್ನು ಜಗತ್ತಿನ ನಾನಾ ಕಡೆಯ ಹವ್ಯಾಸಿಗಳು ಇಂದಿಗೂ ಬೆಳೆಸುತ್ತಿದ್ದಾರೆ, ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಂಡು ಆಡಬಹುದು. ಇವುಗಳಲ್ಲಿ ಆಡುವವರು ರೈಲಿನ ಚಾಲಕರಲ್ಲ, ಕಂಪನಿಯ ಯಜಮಾನರು. ಸಾಲ ತೆಗೆಯಬೇಕು, ನೆಲ ನೋಡಿ ಹಳಿ ಹಾಕಬೇಕು, ಎಂಜಿನ್ ಕೊಳ್ಳಬೇಕು, ಹಳತಾದದ್ದನ್ನು ಬದಲಿಸಬೇಕು, ಸಿಗ್ನಲ್ ಇಡಬೇಕು, ವರ್ಷದ ಕೊನೆಗೆ ಲೆಕ್ಕ ನೋಡಬೇಕು. 2021ರಲ್ಲಿ ಬಿಡುಗಡೆಯಾದ ‘ನಿಂಬಿ ರೈಲ್ಸ್’ ಒಂದು ಹೆಜ್ಜೆ ಮುಂದೆ ಹೋಗಿ ಜಗತ್ತಿನ ನಿಜವಾದ ನಕ್ಷೆಯನ್ನೇ ಆಟದ ಹಾಸು ಮಾಡಿಕೊಂಡಿದೆ. ಅದರಲ್ಲಿ ಬೇಕೆಂದರೆ ದ್ವಾರಕಾದ ಸೆಕ್ಟರುಗಳ ನಡುವೆಯೇ ನಮ್ಮದೊಂದು ಮಾರ್ಗ ಎಳೆಯಬಹುದು. ಈ ಆಟಗಳ ಬಗ್ಗೆ ನನ್ನ ವಾದ ಇಷ್ಟು: ರೈಲು ಹೇಗೆ ಓಡುತ್ತದೆ ಎಂಬುದನ್ನು ಅವು ಬಹಳ ಚೆನ್ನಾಗಿ ಕಲಿಸುತ್ತವೆ. ರೈಲಿನಿಂದ ಯಾರಿಗೆ ಏನು ಸಿಕ್ಕಿತು ಎಂಬ ಲೆಕ್ಕವನ್ನು ಮಾತ್ರ ತಪ್ಪಾಗಿ ಕಲಿಸುತ್ತವೆ. ಆ ತಪ್ಪು ಆಟದಿಂದ ಹೊರಬಂದು ನಮ್ಮ ನಗರಗಳ ಚರ್ಚೆಯೊಳಗೂ ಕೂತಿದೆ.

ಚೆನ್ನಾಗಿ ಕಲಿಸುವ ಭಾಗವನ್ನು ಮೊದಲು ಒಪ್ಪಿಕೊಳ್ಳಬೇಕು, ಯಾಕೆಂದರೆ ಅದು ಸಣ್ಣದಲ್ಲ. ನೀಲಿ ಮಾರ್ಗ ಪೂರ್ವದಲ್ಲಿ ಯಮುನಾ ಬ್ಯಾಂಕ್ ನಿಲ್ದಾಣದ ಬಳಿ ಎರಡಾಗಿ ಒಡೆಯುತ್ತದೆ. ಒಂದು ಕವಲು ನೊಯ್ಡಾ ಕಡೆಗೆ, ಇನ್ನೊಂದು ವೈಶಾಲಿಗೆ. ದ್ವಾರಕಾಕ್ಕೆ ಬರುವ ರೈಲುಗಳು ಈ ಎರಡು ಕವಲುಗಳಿಂದ ಸರದಿಯಂತೆ ಬಂದು ಒಂದೇ ಜೋಡಿ ಹಳಿಗೆ ಸೇರಬೇಕು. ಹೀಗಾಗಿ ಕವಲುಗಳ ಮೇಲೆ ಕಾಯುವ ಹೊತ್ತು ಹೆಚ್ಚು, ನಡುವಿನ ಹಾದಿಯಲ್ಲಿ ಕಡಿಮೆ. ಒಂದು ಕವಲಿನಲ್ಲಿ ಒಂದು ರೈಲು ತಡವಾದರೆ ಅದರ ಪೆಟ್ಟು ಇಪ್ಪತ್ತು ಮೂವತ್ತು ಕಿಲೊಮೀಟರ್ ದೂರದ ಸೆಕ್ಟರ್ 10ರಲ್ಲಿ ನಿಂತವರಿಗೂ ತಟ್ಟುತ್ತದೆ. ಪ್ಲಾಟ್‌ಫಾರಂ ಮೇಲೆ ನಿಂತ ಸಾಮಾನ್ಯ ಪ್ರಯಾಣಿಕರಿಗೆ ಇದು ಕಾಣುವುದಿಲ್ಲ. ಅವರಿಗೆ ಕಾಣುವುದು ಬರದ ರೈಲು ಮಾತ್ರ. ಓಪನ್‌ಟಿಟಿಡಿಯಲ್ಲಿ ಒಂದು ಜಂಕ್ಷನ್ ಕಟ್ಟಿ, ಸಿಗ್ನಲ್ ತಪ್ಪು ಜಾಗದಲ್ಲಿಟ್ಟು, ಹತ್ತು ರೈಲು ಒಂದರ ಹಿಂದೊಂದು ನಿಂತುಬಿಟ್ಟದ್ದನ್ನು ನೋಡಿದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಹಳಿಯ ಸಾಮರ್ಥ್ಯ ನಿರ್ಧಾರವಾಗುವುದು ರೈಲಿನ ವೇಗಕ್ಕಿಂತ ಹೆಚ್ಚಾಗಿ ಎರಡು ರೈಲುಗಳ ನಡುವಿನ ಅಂತರದಿಂದ, ಹಳಿಗಳು ಕೂಡುವ ಜಾಗದಿಂದ. ಎಂಜಿನಿಯರಿಂಗ್ ತರಗತಿಯಲ್ಲಿ ಸೂತ್ರವಾಗಿ ಬರುವ ಈ ಮಾತು ಆಟದಲ್ಲಿ ಅನುಭವವಾಗಿ ಬರುತ್ತದೆ.

ಗೇಜಿನ ವಿಷಯವೂ ಹಾಗೆಯೇ. ದ್ವಾರಕಾದಲ್ಲಿ ಮೆಟ್ರೊ ಜಾಲದ ಮೂರು ಮಾರ್ಗಗಳಿವೆ. ನೀಲಿ ಮಾರ್ಗದ ಹಳಿ 1676 ಮಿಲಿಮೀಟರ್ ಅಗಲದ ಬ್ರಾಡ್‌ಗೇಜ್. ಸೆಕ್ಟರ್ 21ರಲ್ಲಿ ಅದಕ್ಕೆ ಎದುರಾಗುವ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮಾರ್ಗ 1435 ಮಿಲಿಮೀಟರಿನ ಸ್ಟ್ಯಾಂಡರ್ಡ್ ಗೇಜ್. ದ್ವಾರಕಾ ನಿಲ್ದಾಣದಿಂದ ನಜಫ್‌ಗಢಕ್ಕೆ 2019ರ ಅಕ್ಟೋಬರ್ 4ರಂದು ಶುರುವಾಗಿ, 2021ರಲ್ಲಿ ಧಾಂಸಾ ಬಸ್ ಸ್ಟ್ಯಾಂಡ್‌ವರೆಗೆ ಬೆಳೆದ ಬೂದು ಮಾರ್ಗವೂ ಸ್ಟ್ಯಾಂಡರ್ಡ್ ಗೇಜ್. ಆದ್ದರಿಂದ ನಜಫ್‌ಗಢದ ರೈಲು ದ್ವಾರಕಾ ದಾಟಿ ರಾಜೀವ್ ಚೌಕಕ್ಕೆ ಎಂದೂ ನೇರ ಬರಲಾರದು. ಜನ ಇಳಿದು ಹತ್ತಲೇಬೇಕು. 2000ದಲ್ಲಿ ಕೇಂದ್ರ ಸರ್ಕಾರ, ಭಾರತೀಯ ರೈಲ್ವೆಯ ಹಳಿಗೆ ಹೊಂದಲಿ ಎಂದು ಮೆಟ್ರೊಗೂ ಬ್ರಾಡ್‌ಗೇಜನ್ನೇ ನಿಗದಿ ಮಾಡಿತು. ಆಗ ದೆಹಲಿ ಮೆಟ್ರೊ ನಿಗಮದ ಮುಖ್ಯಸ್ಥರಾಗಿದ್ದ ಇ. ಶ್ರೀಧರನ್ ಅವರಿಗೆ ಸ್ಟ್ಯಾಂಡರ್ಡ್ ಗೇಜ್ ಬೇಕಿತ್ತು. ಎರಡನೆಯ ಹಂತದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು, ಅಷ್ಟರಲ್ಲಿ ಮೊದಲ ಹಂತದ ಹಳಿಗಳು ನೆಲಕ್ಕೆ ಬಿದ್ದಾಗಿತ್ತು. ಮೀಟರ್‌ಗೇಜಿನಿಂದ ಬ್ರಾಡ್‌ಗೇಜಿಗೆ ಬದಲಾಗಲು ದಶಕಗಟ್ಟಲೆ ಕಾದ ಕರ್ನಾಟಕದವರಿಗೆ ಇದು ಹೊಸ ಕತೆಯಲ್ಲ. ಮೊದಲ ದಿನ ಎಳೆದ ಗೆರೆ ಐವತ್ತು ವರ್ಷದ ಆಯ್ಕೆಗಳನ್ನು ಕಟ್ಟಿಹಾಕುತ್ತದೆ ಎಂಬುದನ್ನು ರೈಲ್ವೆ ಆಟಗಳು ಆಡುವವರ ಬೆರಳಿಗೇ ಕಲಿಸುತ್ತವೆ.

ಇನ್ನು ಲೆಕ್ಕದ ಪುಟ. ಟ್ರಾನ್ಸ್‌ಪೋರ್ಟ್ ಟೈಕೂನ್‌ನಲ್ಲಿ ಪ್ರಯಾಣಿಕರನ್ನು ಸಾಗಿಸಿದ್ದಕ್ಕೆ ಸಿಗುವ ಹಣ ಮೂರು ಸಂಗತಿಗಳ ಮೇಲೆ ನಿಂತಿದೆ: ಎಷ್ಟು ಜನ, ಎಷ್ಟು ದೂರ, ಎಷ್ಟು ಬೇಗ. ಜನ ಎಲ್ಲಿಗೆ ಹೋಗಬೇಕೆಂದಿದ್ದರು ಎಂಬುದು ಲೆಕ್ಕಕ್ಕಿಲ್ಲ. ಮೂಲ ಆಟದ ಪ್ರಯಾಣಿಕರಿಗೆ ಗುರಿಯೇ ಇರಲಿಲ್ಲ. ರೈಲು ಎಲ್ಲಿ ಇಳಿಸಿತೋ ಅಲ್ಲಿಗೆ ಅವರ ಪ್ರಯಾಣ ಮುಗಿಯಿತು. ಓಪನ್‌ಟಿಟಿಡಿಯಲ್ಲಿ ಪ್ರಯಾಣಿಕರಿಗೆ ಹೋಗಬೇಕಾದ ನಿಲ್ದಾಣವನ್ನು ನಿಗದಿ ಮಾಡುವ ಸೌಲಭ್ಯ ಬಂದದ್ದು 2014ರಲ್ಲಿ, ಅದೂ ಬೇಕಾದವರು ಹಾಕಿಕೊಳ್ಳುವ ಆಯ್ಕೆಯಾಗಿ. ಇದಕ್ಕಿಂತ ಮುಖ್ಯವಾದದ್ದು ಊರಿನ ಬೆಳವಣಿಗೆಯ ನಿಯಮ. ಈ ಆಟದಲ್ಲಿ ಒಂದು ಊರು ಎಷ್ಟು ಬೇಗ ಬೆಳೆಯುತ್ತದೆ ಎಂಬುದು ಅಲ್ಲಿ ಎಷ್ಟು ನಿಲ್ದಾಣಗಳು ಕೆಲಸ ಮಾಡುತ್ತಿವೆ ಎಂಬುದರ ಮೇಲೆ ಹೋಗುತ್ತದೆ. ಐದು ನಿಲ್ದಾಣಗಳವರೆಗೆ, ಒಂದೊಂದು ಹೆಚ್ಚಿದಂತೆ ಮನೆಗಳು ಬೇಗ ಬೇಗ ಏಳುತ್ತವೆ. ಅಂದರೆ ಹಳಿ ಊರನ್ನು ಬೆಳೆಸುತ್ತದೆ ಎಂಬ ಸತ್ಯ ಆಟ ಬರೆದವರಿಗೆ ಗೊತ್ತಿತ್ತು, ಅದನ್ನು ನಿಯಮವಾಗಿಯೇ ಬರೆದಿದ್ದಾರೆ. ಆದರೆ ಹಾಗೆ ಎದ್ದ ಮನೆಗಳ ಬೆಲೆ, ಅಲ್ಲಿ ತೆರೆದ ಅಂಗಡಿಗಳ ವ್ಯಾಪಾರ ವರ್ಷದ ಕೊನೆಯ ಲೆಕ್ಕದಲ್ಲಿ ಎಲ್ಲೂ ಇಲ್ಲ. ಯಜಮಾನರಿಗೆ ಸಿಗುವುದು ಟಿಕೆಟು ಮತ್ತು ಸರಕಿನ ಬಾಡಿಗೆಯ ಹಣ ಮಾತ್ರ. ಗೆಲುವು ಸೋಲು ತೀರ್ಮಾನವಾಗುವುದು ಅದರಿಂದಲೇ.

ದ್ವಾರಕಾದ ಚರಿತ್ರೆಯನ್ನು ಈ ನಿಯಮದ ಪಕ್ಕದಲ್ಲಿಟ್ಟು ಓದಬೇಕು. ಉಪನಗರಕ್ಕೆ ಮೊದಲಿದ್ದ ಹೆಸರು ಪಪ್ಪನ್ ಕಲಾಂ. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಸುತ್ತಲಿನ ಹಳ್ಳಿಗಳ ಹೊಲಗಳನ್ನು ಸ್ವಾಧೀನ ಮಾಡಿಕೊಂಡು ಸೆಕ್ಟರುಗಳಾಗಿ ಕತ್ತರಿಸಿ, ಗೃಹ ನಿರ್ಮಾಣ ಸಂಘಗಳಿಗೆ ಹಂಚಿತು. 1990ರ ದಶಕದಲ್ಲಿ ಕಟ್ಟಡಗಳು ಎದ್ದವು, ಆದರೆ ನೀರಿಗೂ ಬಸ್ಸಿಗೂ ಪರದಾಡುವ ಜಾಗಕ್ಕೆ ಬಂದು ನೆಲಸಲು ಜನ ಹಿಂದೆಮುಂದೆ ನೋಡಿದರು. ಬಾರಾಖಂಬಾ ರಸ್ತೆಯಿಂದ ದ್ವಾರಕಾವರೆಗಿನ ಹಳಿ 2005ರ ಡಿಸೆಂಬರ್ 31ರಂದು ತೆರೆಯಿತು. 2006ರ ಏಪ್ರಿಲ್ 1ಕ್ಕೆ ರೈಲು ಸೆಕ್ಟರ್ 9ರವರೆಗೆ ಬಂತು, 2010ರ ಅಕ್ಟೋಬರ್ 30ಕ್ಕೆ ಸೆಕ್ಟರ್ 21ಕ್ಕೆ. ಕನಾಟ್ ಪ್ಲೇಸಿನ ಕಚೇರಿಗಳು ಒಂದೇ ಟಿಕೆಟಿನ ದೂರಕ್ಕೆ ಬಂದ ಮೇಲೆ ದೂರದ ಊರೆಂಬ ಅಳುಕು ಹೋಯಿತು, ಮನೆಗಳು ತುಂಬಿದವು, ಬೆಲೆ ಏರಿತು. ಈ ಏರಿಕೆ ಯಾರ ಖಾತೆಗೆ ಹೋಯಿತು? ಮನೆ ಇದ್ದವರಿಗೆ, ನಿವೇಶನ ಹಿಡಿದಿದ್ದವರಿಗೆ, ಭೂಮಿಯ ಒಡೆತನವಿದ್ದ ಪ್ರಾಧಿಕಾರಕ್ಕೆ. ಮೊದಲ ಹಂತದ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚು ಜಪಾನಿನ ದೀರ್ಘಾವಧಿ ಸಾಲ. ಅದು ಕೂತದ್ದು ಸಾರ್ವಜನಿಕರ ಖಾತೆಯಲ್ಲಿ. ಟಿಕೆಟಿನ ಆದಾಯ ಒಂದನ್ನೇ ಸಾಲದ ಎದುರಿಗಿಟ್ಟು ಮೆಟ್ರೊ ಲಾಭವೋ ನಷ್ಟವೋ ಎಂದು ಕೇಳುವುದು ಪುಸ್ತಕದ ಒಂದು ಪುಟ ಓದಿ ತೀರ್ಪು ಕೊಟ್ಟಂತೆ.

ಆಟಕ್ಕೆ ಈ ಒಂದೇ ಪುಟದ ಲೆಕ್ಕ ಬಂದದ್ದು ಆಕಸ್ಮಿಕವಲ್ಲ. ವಿಡಿಯೊ ಗೇಮಿಗೆ ಮುಂಚೆ ಮೇಜಿನ ಮೇಲೆ ಆಡುವ ರೈಲ್ವೆ ಆಟಗಳಿದ್ದವು. ಇಂಗ್ಲೆಂಡಿನ ಫ್ರಾನ್ಸಿಸ್ ಟ್ರೆಶಮ್ 1974ರಲ್ಲಿ ‘1829’ ಎಂಬ ಆಟ ತಂದರು. 1986ರಲ್ಲಿ ಅಮೆರಿಕದ ಅವಲಾನ್ ಹಿಲ್ ಸಂಸ್ಥೆ ಅವರದೇ ‘1830’ ಪ್ರಕಟಿಸಿತು. ಅದರಲ್ಲಿ ಗೆಲ್ಲುವವರು ಒಳ್ಳೆಯ ರೈಲ್ವೆ ಕಟ್ಟಿದವರಲ್ಲ, ಕೈಯಲ್ಲಿ ಹೆಚ್ಚು ಸಂಪತ್ತು ಉಳಿಸಿಕೊಂಡ ಷೇರುದಾರರು. ಬರಿದಾದ ಕಂಪನಿಯನ್ನು ಇನ್ನೊಬ್ಬರ ತಲೆಗೆ ಕಟ್ಟಿ ಹೊರನಡೆಯುವುದೂ ಅಲ್ಲಿ ಒಪ್ಪಿತವಾದ ಚಾಣಾಕ್ಷತನ. ಬ್ರೂಸ್ ಶೆಲ್ಲಿ ಸಿಡ್ ಮೈಯರ್ ಜೊತೆ ಸೇರುವ ಮುನ್ನ ಕೆಲಸ ಮಾಡಿದ್ದು ಅವಲಾನ್ ಹಿಲ್‌ನಲ್ಲೇ. ಹೀಗೆ 19ನೆಯ ಶತಮಾನದ ಅಮೆರಿಕದ ಷೇರುದಾರನ ಕಣ್ಣು ಆಟದ ಕಣ್ಣಾಯಿತು. ಆ ಕಾಲದ ಅಮೆರಿಕಕ್ಕಾದರೂ ಈ ಲೆಕ್ಕ ಸರಿಹೊಂದುತ್ತದಲ್ಲ ಎನ್ನಬಹುದು. ಅಲ್ಲಿಗೂ ಹೊಂದುವುದಿಲ್ಲ. 1850ರಲ್ಲಿ ಇಲಿನಾಯ್ ಸೆಂಟ್ರಲ್ ಮಾರ್ಗಕ್ಕೆ, 1862ರ ಕಾಯ್ದೆಯಿಂದ ಪೆಸಿಫಿಕ್ ರೈಲ್ವೆಗಳಿಗೆ ಅಲ್ಲಿನ ಸರ್ಕಾರ ಹಳಿಯ ಎರಡು ಬದಿಯ ನೆಲವನ್ನು ದಾನವಾಗಿ ಕೊಟ್ಟಿತು. ಕಂಪನಿಗಳು ಆ ನೆಲವನ್ನು ವಲಸೆ ಬಂದವರಿಗೆ ಮಾರಿ ಹಣ ಮಾಡಿಕೊಂಡವು. ಆ ನೆಲದಲ್ಲಿ ಮೊದಲಿನಿಂದ ಬದುಕುತ್ತಿದ್ದ ಮೂಲನಿವಾಸಿಗಳ ನಷ್ಟ ಯಾವ ಪುಸ್ತಕಕ್ಕೂ ಏರಲಿಲ್ಲ. ಟಿಕೆಟು ಮತ್ತು ಸರಕಿನ ಬಾಡಿಗೆಯಿಂದಷ್ಟೇ ಬೆಳೆದ ರೈಲ್ವೆ ಅಲ್ಲಿಯೂ ಅಪರೂಪ.

ಭಾರತದ ಲೆಕ್ಕವಂತೂ ಇನ್ನೂ ಓರೆ. 1849ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ ಬ್ರಿಟಿಷ್ ರೈಲ್ವೆ ಕಂಪನಿಗಳೊಡನೆ ಮಾಡಿಕೊಂಡ ಕರಾರಿನ ಪ್ರಕಾರ, ರೈಲು ಗಳಿಸಲಿ ಬಿಡಲಿ, ಷೇರುದಾರರಿಗೆ ನೂರಕ್ಕೆ 5ರಂತೆ ಖಾತ್ರಿ ಪ್ರತಿಫಲ. ಕೊರತೆ ಬಿದ್ದರೆ ತುಂಬಿಕೊಡುವುದು ಇಲ್ಲಿನ ಕಂದಾಯದಿಂದ. ರೈತರು ಕಟ್ಟಿದ ತೆರಿಗೆ ಲಂಡನ್ನಿನ ಮನೆಗಳಿಗೆ ಬಡ್ಡಿಯಾಗಿ ಹೋಯಿತು. ನಮ್ಮ ಬೆಂಗಳೂರು-ಮೈಸೂರು ಹಳಿಯ ಹುಟ್ಟು ಇನ್ನೊಂದು ಬಗೆಯದು. 1876ರಿಂದ 78ರವರೆಗಿನ ಮಹಾಕ್ಷಾಮ ಮೈಸೂರು ಸೀಮೆಯ ಸುಮಾರು ಐದನೆಯ ಒಂದು ಪಾಲು ಜನರನ್ನು ಬಲಿ ತೆಗೆದುಕೊಂಡಾಗ, ಹಸಿದವರಿಗೆ ಕೂಲಿ ಕೊಡುವ ಪರಿಹಾರ ಕಾಮಗಾರಿಗಳಲ್ಲಿ ಈ ಮಾರ್ಗದ ಮಣ್ಣಿನ ಕೆಲಸವೂ ಸೇರಿತ್ತು. 1882ರಲ್ಲಿ ಮಾರ್ಗ ಪೂರ್ಣವಾಯಿತು. ಆ ಹಳಿ ಮೊದಲ ವರ್ಷ ಎಷ್ಟು ಟಿಕೆಟು ಮಾರಿತು ಎಂದು ಕೇಳಿ ಅದರ ಬೆಲೆ ಕಟ್ಟಲು ಯಾರಿಗೆ ಮನಸ್ಸು ಬಂದೀತು? ಕೂಲಿಯಿಂದ ಉಳಿದ ಜೀವಗಳೇ ಆ ಹಳಿಯ ಮೊದಲ ಗಳಿಕೆ. ಯಾವ ಆಟದಲ್ಲೂ ಅದಕ್ಕೊಂದು ಕಲಮು ಇಲ್ಲ.

ಈಗ ಆಕ್ಷೇಪಗಳು. ಎಲ್ಲ ಆಟಗಳೂ ಹೀಗಿಲ್ಲ ಎಂಬುದು ಮೊದಲನೆಯದು, ಮತ್ತು ಅದು ನಿಜ. ಜಪಾನಿನ ಎ-ಟ್ರೇನ್‌ನಲ್ಲಿ ರೈಲ್ವೆ ಕಂಪನಿ ನಿಲ್ದಾಣದ ಸುತ್ತ ಮನೆ, ಅಂಗಡಿ, ಹೋಟೆಲು ಕಟ್ಟುತ್ತದೆ. ರೈಲಿನಿಂದ ನೆಲದ ಬೆಲೆ ಏರಿದರೆ ಅದರ ಲಾಭವೂ ಕಂಪನಿಯ ಲೆಕ್ಕಕ್ಕೆ ಬರುತ್ತದೆ. ಇದು ಜಪಾನಿನ ನಿಜ ಜೀವನದಿಂದ ಬಂದದ್ದು. ಇಂದು ಹಾನ್‌ಕ್ಯೂ ಎಂದು ಹೆಸರಾದ ಒಸಾಕಾದ ಖಾಸಗಿ ರೈಲ್ವೆಯನ್ನು ಕಟ್ಟಿದ ಕೊಬಯಾಶಿ ಇಚಿಜೊ, 1910ರಲ್ಲಿ ರೈಲು ಶುರುವಾದಾಗಲೇ ಹಳಿಯ ಪಕ್ಕದಲ್ಲಿ ಬಡಾವಣೆ ಮಾಡಿ ಮನೆಗಳನ್ನು ಕಂತಿನಲ್ಲಿ ಮಾರಿದರು. 1929ರಲ್ಲಿ ಉಮೆದಾ ನಿಲ್ದಾಣದಲ್ಲೇ ಡಿಪಾರ್ಟ್‌ಮೆಂಟ್ ಸ್ಟೋರ್ ತೆರೆದರು. ಹಾಂಗ್‌ಕಾಂಗಿನ ಮೆಟ್ರೊ ಇಂದಿಗೂ ನಿಲ್ದಾಣಗಳ ಮೇಲಿನ ಕಟ್ಟಡಗಳಿಂದ ಹಣ ಎತ್ತುತ್ತದೆ. ಈ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಗಟ್ಟಿ ಮಾಡುತ್ತದೆ. ಹಳಿ ಹಾಕಿದವರೂ ನೆಲದ ಒಡೆಯರೂ ಒಬ್ಬರೇ ಆದಲ್ಲಿ ಲೆಕ್ಕ ಪೂರ್ತಿಯಾಗುತ್ತದೆ. ದೆಹಲಿಯಲ್ಲಿ ಹಳಿ ಮೆಟ್ರೊ ನಿಗಮದ್ದು, ಸೆಕ್ಟರುಗಳ ನೆಲ ಅಭಿವೃದ್ಧಿ ಪ್ರಾಧಿಕಾರದ್ದು. ಶಾಸ್ತ್ರಿ ಪಾರ್ಕಿನ ಐ.ಟಿ. ಪಾರ್ಕಿನಂಥ ಕೆಲವು ಕಟ್ಟಡಗಳನ್ನು ನಿಗಮ ಕಟ್ಟಿತು, ಆದರೆ ಒಟ್ಟು ಏರಿದ ಬೆಲೆಯ ಮುಂದೆ ಅದು ಬಹಳ ಚಿಕ್ಕದು. ಬೆಂಗಳೂರು ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ: 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗದ ಕೋನಪ್ಪನ ಅಗ್ರಹಾರ ನಿಲ್ದಾಣಕ್ಕೆ ಇನ್ಫೊಸಿಸ್ ಫೌಂಡೇಶನ್ ಹಣ ಕೊಟ್ಟಿದೆ. ಅನುಕೂಲ ಪಡೆಯುವವರು ವೆಚ್ಚದಲ್ಲಿ ಪಾಲು ಹೊರಬೇಕೆಂಬ ತತ್ವ ಅಲ್ಲಿದೆ. ಅದು ಒಬ್ಬಿಬ್ಬರ ಔದಾರ್ಯವಾಗಿ ಉಳಿಯದೆ ನಿಯಮವಾಗಬೇಕು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಟಿಕೆಟಿನ ಲೆಕ್ಕದ ಶಿಸ್ತು ಇಲ್ಲದಿದ್ದರೆ ಯಾವ ಹಳಿಯನ್ನಾದರೂ ‘ಸಮಾಜಕ್ಕೆ ಲಾಭ’ ಎಂದು ಸಮರ್ಥಿಸಿಕೊಳ್ಳಬಹುದಲ್ಲ. ಆಟ ಕಲಿಸುವ ಕಟ್ಟುನಿಟ್ಟು ಸರ್ಕಾರಿ ಹಣಕ್ಕೆ ಅಗತ್ಯ ತಾನೇ? ಉತ್ತರ ಹುಡುಕಲು ದೂರ ಹೋಗಬೇಕಿಲ್ಲ, ಸೆಕ್ಟರ್ 21ರಲ್ಲೇ ಮಾರ್ಗ ಬದಲಿಸಿದರೆ ಸಾಕು. ನವದೆಹಲಿಯಿಂದ ವಿಮಾನ ನಿಲ್ದಾಣದ ಮೂಲಕ ಇಲ್ಲಿಗೆ ಬರುವ 22.7 ಕಿಲೊಮೀಟರಿನ ಏರ್‌ಪೋರ್ಟ್ ಎಕ್ಸ್‌ಪ್ರೆಸ್ 2011ರ ಫೆಬ್ರುವರಿ 23ರಂದು ಶುರುವಾಯಿತು. ಸುರಂಗ, ಕಂಬಗಳ ಕೆಲಸ ನಿಗಮದ್ದು. ರೈಲು ಓಡಿಸಿ ಹಣ ಗಳಿಸುವ ಹಕ್ಕು 30 ವರ್ಷಕ್ಕೆ ರಿಲಯನ್ಸ್ ಇನ್‌ಫ್ರಾ ನೇತೃತ್ವದ ಖಾಸಗಿ ಕೂಟಕ್ಕೆ. ಹಳಿಯನ್ನು ಆಧರಿಸುವ ಬೇರಿಂಗುಗಳಲ್ಲಿ ದೋಷ ಕಂಡು 2012ರ ಜುಲೈಯಲ್ಲಿ ಸಂಚಾರ ನಿಂತಿತು, 2013ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಆ ವರ್ಷದ ಜೂನ್ ಕೊನೆಗೆ ಖಾಸಗಿ ಕೂಟ ಹೊರಗೆ ಹೋಯಿತು. ಜುಲೈ 1ರಿಂದ ನಿಗಮವೇ ಓಡಿಸುತ್ತಿದೆ. ಮುಂದೆ ದರ ಇಳಿಸಲಾಯಿತು, ಪ್ರಯಾಣಿಕರು ಹೆಚ್ಚಿದರು, ವೇಗ ಗಂಟೆಗೆ 120 ಕಿಲೊಮೀಟರಿಗೆ ಏರಿತು, 2023ರ ಸೆಪ್ಟೆಂಬರ್ 17ರಂದು ಮಾರ್ಗ ಯಶೋಭೂಮಿ ಸಮಾವೇಶ ಕೇಂದ್ರವಿರುವ ಸೆಕ್ಟರ್ 25ಕ್ಕೂ ಬೆಳೆಯಿತು. ಒಪ್ಪಂದ ಮುರಿದದ್ದರ ಹೊಣೆ ಯಾರದೆಂಬ ವ್ಯಾಜ್ಯ ಮಾತ್ರ 2017ರ ಮಧ್ಯಸ್ಥಿಕೆ ತೀರ್ಪು, ಅದನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ 2021ರ ಆದೇಶ, ಎಲ್ಲವನ್ನೂ ತಿರುಗಿಸಿದ 2024ರ ಏಪ್ರಿಲ್ಲಿನ ಆದೇಶ ಎಂದು ವರ್ಷಗಟ್ಟಲೆ ನಡೆಯಿತು. ಆಟದಲ್ಲಿ ನಷ್ಟದ ಮಾರ್ಗಕ್ಕೆ ಬುಲ್‌ಡೋಜರ್ ಗುಂಡಿ ಒತ್ತಿದರೆ ಮುಗಿಯಿತು. ನಗರದಲ್ಲಿ ಆ ಗುಂಡಿ ಇಲ್ಲ. ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳಲೇಬೇಕು, ಯಾಕೆಂದರೆ ಅದರ ಮೇಲೆ ನಂಬಿಕೆಯಿಟ್ಟು ಜನ ಮನೆ, ಕೆಲಸ, ಶಾಲೆ ಆರಿಸಿಕೊಂಡಿರುತ್ತಾರೆ. ಟಿಕೆಟಿನ ಶಿಸ್ತು ಬೇಡವೆಂದು ನಾನು ಹೇಳುತ್ತಿಲ್ಲ. ವಿದ್ಯುತ್ತು, ಸಂಬಳ, ಬಿಡಿಭಾಗಗಳ ಖರ್ಚು ಹುಟ್ಟದ ರೈಲು ಹೆಚ್ಚು ದಿನ ಓಡದು. ಓಡಿಸುವ ಖರ್ಚಿಗೆ ಟಿಕೆಟು, ಕಟ್ಟಿದ ಸಾಲಕ್ಕೆ ಅದರಿಂದ ಬೆಲೆ ಏರಿಸಿಕೊಂಡವರೆಲ್ಲರ ಪಾಲು: ಶಿಸ್ತು ಬೇಕಾದದ್ದು ಈ ಎರಡು ಲೆಕ್ಕಗಳನ್ನು ಬೇರೆಯಾಗಿಟ್ಟು ಎರಡನ್ನೂ ಬಹಿರಂಗವಾಗಿ ಬರೆಯುವುದರಲ್ಲಿ.

ಕೇಂದ್ರ ಸರ್ಕಾರವೇ ಈ ದಾರಿಗೆ ಬಂದಿದೆ. 2017ರ ಮೆಟ್ರೊ ರೈಲು ನೀತಿ, ಹೊಸ ಮಾರ್ಗಗಳಿಗೆ ಒಪ್ಪಿಗೆ ಕೊಡುವಾಗ ನೂರಕ್ಕೆ 8ರ ಹಣಕಾಸಿನ ಪ್ರತಿಫಲ ನೋಡುವ ಹಳೆಯ ಅಳತೆಯನ್ನು ಕೈಬಿಟ್ಟು, ಉಳಿದ ಸಮಯ, ಇಂಧನ, ತಪ್ಪಿದ ಮಾಲಿನ್ಯ ಎಲ್ಲವನ್ನೂ ಸೇರಿಸಿದ ನೂರಕ್ಕೆ 14ರ ಆರ್ಥಿಕ ಪ್ರತಿಫಲದ ಅಳತೆಗೆ ಬದಲಾಯಿತು. ಬ್ರೇಕ್ ಹಾಕಿದಾಗ ಹುಟ್ಟುವ ವಿದ್ಯುತ್ತನ್ನು ಮರಳಿ ಬಳಸುವ ದೆಹಲಿ ಮೆಟ್ರೊದ ಯೋಜನೆಯನ್ನು ವಿಶ್ವಸಂಸ್ಥೆಯ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆ 2007ರಲ್ಲೇ ನೋಂದಾಯಿಸಿತ್ತು; ರೈಲ್ವೆಯೊಂದಕ್ಕೆ ಅಂಥ ಮಾನ್ಯತೆ ಸಿಕ್ಕಿದ್ದು ಜಗತ್ತಿನಲ್ಲಿ ಅದೇ ಮೊದಲು. ಗಾಳಿಗೂ ಒಂದು ಕಲಮು ತೆರೆಯಬಹುದೆಂದು ಅಂದೇ ಸಾಬೀತಾಯಿತು. ಆದರೆ ನೀತಿ ಬದಲಾದ ಅದೇ 2017ರಲ್ಲಿ ದೆಹಲಿಯ ಗರಿಷ್ಠ ಟಿಕೆಟ್ ದರ 30 ರೂಪಾಯಿಯಿಂದ ಮೇ ತಿಂಗಳಲ್ಲಿ 50ಕ್ಕೆ, ಅಕ್ಟೋಬರಿನಲ್ಲಿ 60ಕ್ಕೆ ಏರಿತು. ಅಕ್ಟೋಬರಿನ ದಿನದ ಸರಾಸರಿ ಪ್ರಯಾಣಿಕರು ಸೆಪ್ಟೆಂಬರಿಗಿಂತ ಸುಮಾರು ಮೂರು ಲಕ್ಷ ಕಡಿಮೆ. ಅಷ್ಟೂ ಜನ ದರಕ್ಕೇ ಹೆದರಿದರೆಂದು ಹೇಳಲಾಗದು, ಆ ತಿಂಗಳು ದೀಪಾವಳಿಯೂ ಇತ್ತು. ಆದರೂ ದರ ಹೆಚ್ಚಾದಾಗ ಮೊದಲು ಜಾರಿಹೋಗುವವರು ಯಾರು ಎಂದು ಬೆಂಗಳೂರಿಗರಿಗೆ ಹೇಳಿಕೊಡಬೇಕಿಲ್ಲ. 2025ರ ಫೆಬ್ರುವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ 90 ರೂಪಾಯಿ ಆದ ಕೂಡಲೇ ಅಲ್ಲಿಯೂ ಪ್ರಯಾಣಿಕರು ಕಡಿಮೆಯಾದರು. ಆಟದಲ್ಲಿ ನಿಲ್ದಾಣಕ್ಕೆ ಬಾರದ ಪ್ರಯಾಣಿಕ ಇಲ್ಲವೇ ಇಲ್ಲ. ನಗರದಲ್ಲಿ ಅವನು ಬೈಕು ಹತ್ತಿ ರಸ್ತೆಗೆ ಬರುತ್ತಾನೆ. ಹೊಗೆ, ನೂಕುನುಗ್ಗಲು, ಅಪಘಾತದ ಖರ್ಚು ಇನ್ನಾವುದೋ ಇಲಾಖೆಯ ಪುಸ್ತಕಕ್ಕೆ ಹೋಗುತ್ತದೆ.

ಏರ್‌ಪೋರ್ಟ್ ಎಕ್ಸ್‌ಪ್ರೆಸ್‌ನಲ್ಲಿ ಮರಳುವವರು ಧೌಲಾ ಕುಆಂನಲ್ಲಿ ಇಳಿದು, ಉದ್ದನೆಯ ಪಾದಚಾರಿ ಸೇತುವೆ ದಾಟಿ ಗುಲಾಬಿ ಮಾರ್ಗ ಹಿಡಿದರೆ ಮುಂದಿನ ನಿಲ್ದಾಣವೇ ಸರ್ ವಿಶ್ವೇಶ್ವರಯ್ಯ ಮೋತಿ ಬಾಗ್. ಈ ವಾದಕ್ಕೆ ಆ ಹೆಸರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಕನ್ನಂಬಾಡಿ ಅಣೆಕಟ್ಟಿಗೆ ಹಣಕಾಸಿನ ಆಕ್ಷೇಪ ಬಂದಾಗ ವಿಶ್ವೇಶ್ವರಯ್ಯನವರು ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗೆ ಮಾರಿ ಬರುವ ಆದಾಯವನ್ನು ತೋರಿಸಿದರು; 1911ರಲ್ಲಿ ಕೆಲಸ ಶುರುವಾಯಿತು. ಇಂದು ಆ ಅಣೆಕಟ್ಟಿನ ಮಾತೆತ್ತಿದರೆ ಯಾರೂ ಗಣಿಯ ಕರೆಂಟು ಬಿಲ್ಲನ್ನು ನೆನೆಯುವುದಿಲ್ಲ, ಮಂಡ್ಯದ ಕಬ್ಬು ಭತ್ತವನ್ನು ನೆನೆಯುತ್ತಾರೆ.

ಲೆಕ್ಕದ ಖರ್ಚಿನ ಬದಿಯಲ್ಲೂ ಒಂದು ಕಲಮು ಖಾಲಿ ಇದೆ. ಆಟ ಶುರುವಾಗುವಾಗ ನೆಲ ಬರಿದು. ಹೊಲದ ಮೇಲೆ ಹಳಿ ಎಳೆದರೆ ಒಂದಿಷ್ಟು ಹಣ ಕಳೆಯುತ್ತದೆ, ಅಷ್ಟೆ. ಟ್ರಾನ್ಸ್‌ಪೋರ್ಟ್ ಟೈಕೂನ್‌ನಲ್ಲಿ ಮರ ಕಡಿದರೆ, ಮನೆ ಕೆಡವಿದರೆ ಊರಿನ ಆಡಳಿತ ಮುನಿಸಿಕೊಂಡು ನಿಲ್ದಾಣಕ್ಕೆ ಅನುಮತಿ ನಿರಾಕರಿಸುತ್ತದೆ. ಸಸಿ ನೆಟ್ಟರೆ ಮುನಿಸು ಇಳಿಯುತ್ತದೆ. ಆಡಳಿತಕ್ಕೆ ಸಿಟ್ಟು ಬರುತ್ತದೆ, ನೆಲ ಕಳೆದುಕೊಂಡವರಿಗೆ ಮಾತ್ರ ಆಟದಲ್ಲಿ ಬಾಯಿಲ್ಲ. ದ್ವಾರಕಾದ ಸೆಕ್ಟರುಗಳ ನಡುವೆ ಬಾಗ್‌ಡೋಲಾ, ಪೋಚನ್‌ಪುರ, ಅಂಬರ್‌ಹಾಯಿ, ಕಕ್ರೋಲಾ ಇಂದಿಗೂ ಇವೆ. ಸುತ್ತ ಯೋಜಿತ ರಸ್ತೆಗಳು, ಒಳಗೆ ಹಳ್ಳಿಯ ಇಕ್ಕಟ್ಟಿನ ಓಣಿಗಳು. ಉಪನಗರಕ್ಕೆ ಹೊಲ ಕೊಟ್ಟವರು ಇವರು. ಆ ಹೊಲದ ಮೇಲೆ ರೈಲು ಬಂದು ಏರಿದ ಬೆಲೆ, ಅದನ್ನು ಮೊದಲೇ ಬಿಟ್ಟುಕೊಟ್ಟವರ ಕೈಗೆ ಬರುವಂತಿರಲಿಲ್ಲ. ಲಾಭದ ಪಟ್ಟಿ ಪೂರ್ತಿ ಮಾಡಬೇಕೆಂದು ಕೇಳುವವರು ಈ ಬಾಬತ್ತನ್ನೂ ಬರೆಯಬೇಕು. ಇಲ್ಲವಾದರೆ ‘ಸಮಾಜದ ಲಾಭ’ ಎಂಬುದು ಮನೆ ಇದ್ದವರ ಲಾಭಕ್ಕೆ ಇನ್ನೊಂದು ಹೆಸರಾಗುತ್ತದೆ.

ಇಷ್ಟಾದರೂ ಇದು ಬರೀ ಆಟ, ಇದರಿಂದ ಯಾರು ನೀತಿ ಕಲಿಯುತ್ತಾರೆ ಎನ್ನುವವರು ಇದ್ದಾರೆ. ನೇರವಾಗಿ ಯಾರೂ ಕಲಿಯುವುದಿಲ್ಲ, ನಿಜ. ಆದರೆ ನೂರಾರು ಗಂಟೆ ಒಂದೇ ಅಳತೆಯಲ್ಲಿ ಗೆಲುವನ್ನು ನೋಡಿದ ಕಣ್ಣಿಗೆ ಆ ಅಳತೆ ಸಹಜವಾಗಿಬಿಡುತ್ತದೆ. ಬಸ್ಸು, ಮೆಟ್ರೊ, ಶಕ್ತಿ ಯೋಜನೆ ಯಾವುದರ ಮಾತು ಬಂದರೂ ‘ನಷ್ಟದಲ್ಲಿದೆಯಂತೆ’ ಎಂಬ ಒಂದೇ ಮಾತಿನಲ್ಲಿ ಚರ್ಚೆ ಮುಗಿಯುವುದು ಆ ಅಳತೆಯಿಂದಲೇ. ಬೇರೆ ಅಳತೆಯ ಆಟ ಸಾಧ್ಯ ಎಂಬುದಕ್ಕೆ ನ್ಯೂಜಿಲೆಂಡಿನಲ್ಲಿ ತಯಾರಾಗಿ 2015ರಲ್ಲಿ ಬಂದ ‘ಮಿನಿ ಮೆಟ್ರೊ’ ಸಾಕ್ಷಿ. ಅದರಲ್ಲಿ ಹಣವೇ ಇಲ್ಲ. ಎಷ್ಟು ಜನರನ್ನು ಅವರು ಹೋಗಬೇಕಾದ ಕಡೆ ಮುಟ್ಟಿಸಿದಿರಿ ಎಂಬುದೇ ಅಂಕ, ಒಂದು ನಿಲ್ದಾಣದಲ್ಲಿ ಜನ ಕಾದು ಕಾದು ತುಂಬಿದರೆ ಆಟ ಮುಗಿಯಿತು. ಅದನ್ನು ಲಕ್ಷಾಂತರ ಜನ ಮೆಚ್ಚಿ ಆಡಿದ್ದಾರೆ.

ಆದ್ದರಿಂದ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲೂ ದೆಹಲಿಯಲ್ಲೂ ಕುಳಿತು ಪ್ರೋಗ್ರಾಂ ಬರೆಯುವ ಕನ್ನಡದ ಹುಡುಗ ಹುಡುಗಿಯರಲ್ಲಿ ಒಂದು ಬೇಡಿಕೆ. ಓಪನ್‌ಟಿಟಿಡಿಯ ಮೂಲ ಬರಹ ಎಲ್ಲರಿಗೂ ತೆರೆದಿದೆ. 2012ರಿಂದ ಅದರಲ್ಲಿ ‘ಗೇಮ್ ಸ್ಕ್ರಿಪ್ಟ್’ ಎಂಬ ಸೌಲಭ್ಯವಿದೆ. ಆಟದ ಗುರಿ, ಬಹುಮಾನ, ಊರಿನ ಬೆಳವಣಿಗೆಯ ನಿಯಮಗಳನ್ನು ಹೊರಗಿನವರೇ ಬರೆದು ಸೇರಿಸಬಹುದು. ದ್ವಾರಕಾದ ನಕ್ಷೆ ಇಟ್ಟುಕೊಂಡು ಒಂದು ಸ್ಕ್ರಿಪ್ಟ್ ಬರೆಯಿರಿ. ವರ್ಷದ ಕೊನೆಗೆ ಟಿಕೆಟಿನ ಆದಾಯದ ಪಕ್ಕದಲ್ಲಿ ನೆಲದ ಬೆಲೆ ಎಷ್ಟು ಏರಿತು, ಅದು ಯಾರಿಗೆ ಹೋಯಿತು, ಹೊಲ ಕೊಟ್ಟ ಹಳ್ಳಿಗೆ ಎಷ್ಟು ಬಂತು, ದರ ಏರಿದ್ದರಿಂದ ಎಷ್ಟು ಜನ ರೈಲು ಬಿಟ್ಟರು ಎಂದು ತೋರಿಸಲಿ. ಸೂಚನೆಗಳು ಕನ್ನಡದಲ್ಲಿರಲಿ. ಕರ್ನಾಟಕದಲ್ಲಿ ಇನ್ನೂ ಹತ್ತಾರು ಮಾರ್ಗಗಳು ನಕ್ಷೆಯ ಮೇಲಷ್ಟೇ ಇವೆ, ಅವುಗಳ ಲೆಕ್ಕವನ್ನು ಹೇಗೆ ಬರೆಯಬೇಕೆಂದು ಈಗಲೇ ತೀರ್ಮಾನಿಸಬೇಕು.